ಅಳಿಯ ಪನಾಮಾದಲ್ಲಿದ್ದಾನೆ

ಅಬು ಹಲೀಫಾ, ಕುವೈತ್
3 ಮೇ 2024, ಶುಕ್ರವಾರ

ಶೈಲೇಶ,

ಬರೆಯದೆ ಬಿಟ್ಟುಬಿಡೋಣವೆಂದು ನಾಲ್ಕು ದಿನ ಅಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ: ನೀನು ಸತ್ತಿದ್ದೀ. ಹನ್ನೊಂದು ವರ್ಷ ದಾಟಿತು. ನಿನ್ನ ಮರಣ ಪ್ರಮಾಣಪತ್ರ ನನ್ನ ಕಪಾಟಿನಲ್ಲಿ, ನಮ್ಮೆಲ್ಲರ ಪಾಸ್‌ಪೋರ್ಟುಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿದೆ. ಓಡಾಡಿ ಅದನ್ನು ಮಾಡಿಸಿದವಳು ನಾನೇ.

ಸೋಮವಾರ ಸಂಜೆ ಲಿಜ್ಜಿ ಬಂದಳು. ನಮ್ಮ ಕಟ್ಟಡದ ಮೂರನೇ ಮಹಡಿಯವಳು, ಎಗೈಲಾದ ಮಾಲ್‌ನಲ್ಲಿ ಕೆಲಸ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಅವಳೂ ಅವಳ ಗಂಡ ಎಡ್ವರ್ಡರೂ ಪನಾಮಾಕ್ಕೆ ಹೋಗಿದ್ದರು. ಶಾಲೆಯ ಭೂಗೋಳ ಪುಸ್ತಕದಲ್ಲಿ ನೋಡಿದ್ದ ಕಾಲುವೆಯನ್ನು ಕಣ್ಣಾರೆ ನೋಡಬೇಕೆಂಬುದು ಎಡ್ವರ್ಡರ ಹಳೆಯ ಆಸೆಯಂತೆ. ಬಾಗಿಲಲ್ಲೇ ನಿಂತು ಅವಳು ನನ್ನನ್ನು ಬೈದಳು.

"ಅಲ್ಲಾ ಸುಗಂಧಿ, ನಿನ್ನ ತಮ್ಮ ಪನಾಮಾದಲ್ಲಿ ಟೂರಿಸ್ಟ್ ವ್ಯಾನ್ ಓಡಿಸ್ತಾನೆ ಅಂತ ನೀನೊಂದು ಮಾತು ಹೇಳ್ಲಿಲ್ಲವಲ್ಲ! ಗುರ್ತದ ಮೇಲೆ ಸ್ವಲ್ಪ ಕಡಿಮೆ ಆದ್ರೂ ಮಾಡ್ತಿದ್ದ."

ಅವರಿಬ್ಬರೂ ಕೊಂಕಣಿಯಲ್ಲಿ ಮಾತಾಡುವುದನ್ನು ಕೇಳಿ ನೀನು ಕನ್ನಡಿಯಲ್ಲಿ ನೋಡಿದೆಯಂತೆ. ಆಮೇಲೆ ಊರಿನಲ್ಲಿ ಎಲ್ಲಿ, ಯಾರ ಮನೆ ಎಂದು ಲಿಜ್ಜಿ ಬಿಡದೆ ಕೇಳಿ ಹೆಜಮಾಡಿಯವರೆಗೂ, ಕೊನೆಗೆ ನನ್ನವರೆಗೂ ಬಂದಳಂತೆ. ಅವಳು ಈ ಕಟ್ಟಡಕ್ಕೆ ಬಂದು ಎರಡೇ ವರ್ಷ. ನನಗೆ ತಮ್ಮನೊಬ್ಬ ಇದ್ದ ಎಂದು ಅವಳಿಗೆ ಗೊತ್ತಿರಲಿಲ್ಲ, ಇಲ್ಲ ಎಂದೂ ಗೊತ್ತಿರಲಿಲ್ಲ.

ನಾನು ಏನು ಹೇಳಿದೆ ಗೊತ್ತೇ? "ಚಹಾ ಕುಡೀತೀಯಾ?" ಎಂದೆ. ಚಹಾ ಮಾಡಿದೆ. ಅವಳು ಹೋದ ಮೇಲೆ ನೋಡಿದರೆ ಎರಡು ಲೋಟದ ತಳದಲ್ಲೂ ಉಳಿದದ್ದು ಬರೀ ಹಾಲು. ಪಾಪ, ಅವಳೂ ಸುಮ್ಮನೆ ಕುಡಿದಿದ್ದಳು.

ಅವಳ ಕೈಯಲ್ಲಿ ನೀನು ಕಳಿಸಿದ ಪತ್ರ ಎರಡು ಪುಟ. "ಅಕ್ಕ, ನಾನಿಲ್ಲಿ ಸೌಖ್ಯ. ನೋಡಲು ಬೇಕಾದಷ್ಟು ಉಂಟು." ಹಳೇ ಪೇಟೆಯ ಇಗರ್ಜಿ, ಮೀನು ಮಾರ್ಕೆಟು, ಕಾಲುವೆಯ ಬಾಗಿಲು, ಗುಡ್ಡದ ಮೇಲೆ ಮರದಲ್ಲಿ ತಲೆಕೆಳಗಾಗಿ ತೂಗುವ ಯಾವುದೋ ಪ್ರಾಣಿ. ನಗರದ ಬಗ್ಗೆ ಹದಿನೇಳು ಸಾಲು. ಅಮ್ಮನ ಬಗ್ಗೆ ಒಂದು. ಕೊನೆಗೆ, ಯಾರಿಸೆಲ್ ಎಂಬ ಹುಡುಗಿಯನ್ನು ಮದುವೆಯಾಗುತ್ತಿದ್ದೀ, ಅದಕ್ಕೆ ಊರಿನಿಂದ ಅವಿವಾಹಿತ ಎಂಬ ಪ್ರಮಾಣಪತ್ರ ಬೇಕು.

ಲಿಜ್ಜಿ ತಂದ ನಿನ್ನ ವ್ಯಾನಿನ ಕಾರ್ಡಿನಲ್ಲಿ ನಂಬರ್ ಇದೆ. ಮೊಬೈಲಿಗೆ ಹಾಕಿಕೊಂಡೆ. ಹೊಟ್ಟೆ ಬಂದ, ಟೋಪಿ ಹಾಕಿದ ಒಬ್ಬ ಗಂಡಸಿನ ಫೋಟೊ ಕಾಣಿಸಿತು. ನಿಂತ ಭಂಗಿ ಅಪ್ಪನದು. ಮೊಬೈಲನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ನಾನು ಮಾತಾಡಲಾರೆ. ಬರೆದರೆ ಹೊಡೆದುಹಾಕಬಹುದು, ಮತ್ತೆ ಬರೆಯಬಹುದು. ನನ್ನ ಕನ್ನಡ ಇಂಗ್ಲಿಷ್ ಶಾಲೆಯ ಕನ್ನಡ, ತಪ್ಪಿದ್ದರೆ ಸಹಿಸಿಕೋ.

ನೀನು ನೀನೇ ಆಗಿದ್ದರೆ ಇಷ್ಟು ಹೇಳು. ನನ್ನ ಎಡ ಮೊಣಕೈಯ ಗಾಯ ಹೇಗಾಯಿತು?

ಸುಗಂಧಿ

*

ಪನಾಮಾ ಸಿಟಿ
20 ಮೇ 2024

ಪ್ರೀತಿಯ ಅಕ್ಕನಿಗೆ,

ಗೇರುಮರದಿಂದ ಬಿದ್ದದ್ದು ಅಂತ ಮನೆಯಲ್ಲಿ ಹೇಳಿದೆವು. ನಿಜವಾಗಿ ನಾನು ನಿನ್ನನ್ನು ಸೈಕಲ್‌ನಿಂದ ದೂಡಿದ್ದು. ನೀನು ಒಂದು ವಾರ ನನ್ನ ಹೆಸರು ಹೇಳಲಿಲ್ಲ. ಸಾಕಾ ಮಾರಾಯ್ತಿ?

ನಾನು ಸತ್ತ ವಿಷಯ ನನಗೆ ಗೊತ್ತು. ನಾನು ಕೆಲಸಕ್ಕಿದ್ದ ಹಡಗು ಮುಳುಗಿದ ಮೂರನೇ ತಿಂಗಳು ಇಲ್ಲಿನ ಇಂಟರ್ನೆಟ್ ಅಂಗಡಿಯಲ್ಲಿ ಓದಿದೆ. ಹತ್ತೊಂಬತ್ತು ಹೆಸರು. ನನ್ನದು ಹನ್ನೊಂದನೆಯದು. ಸ್ಪೆಲ್ಲಿಂಗ್ ಸರಿ ಇತ್ತು.

ಆದದ್ದು ಇಷ್ಟೇ. ಕಾಲುವೆಯಲ್ಲಿ ನಮ್ಮ ಸರದಿಗೆ ಕಾದು ಹಡಗು ಹೊರಗೆ ಲಂಗರು ಹಾಕಿತ್ತು. ಒಂದು ದಿನದ ರಜೆ ಸಿಕ್ಕಿತು. ಲಾಂಚ್ ಹತ್ತಿ ದಡಕ್ಕೆ ಬಂದೆ, ಊರು ನೋಡಲು ಹೋದೆ, ಹಡಗು ತಪ್ಪಿತು. ಪಾಸ್‌ಪೋರ್ಟ್ ಹಡಗಿನಲ್ಲೇ ಹೋಯಿತು. ಇಲ್ಲಿ ಕಾಗದ ಇಲ್ಲದೆ ಮೂರು ವರ್ಷ ತಲೆಮರೆಸಿಕೊಂಡಿದ್ದೆ, ಮೀನು ಮಾರ್ಕೆಟಿನಲ್ಲಿ ಐಸ್ ಒಡೆಯುತ್ತಿದ್ದೆ. ಆಮೇಲೆ ಒಂದು ಕಾಗದ ಆಯಿತು, ಲೈಸೆನ್ಸ್ ಆಯಿತು. ಈಗ ವ್ಯಾನ್ ಉಂಟು.

ನಾನು ಜನರನ್ನು ಒಂದೇ ದಾರಿಯಲ್ಲಿ ಕರೆದುಕೊಂಡು ಹೋಗುವುದು. ಮೊದಲು ಹಳೇ ಪೇಟೆ. ಅಲ್ಲೊಂದು ಇಗರ್ಜಿಯಲ್ಲಿ ಬಂಗಾರದ ಪೀಠ ಉಂಟು. ಕಡಲ್ಗಳ್ಳರು ಬಂದಾಗ ಪಾದ್ರಿಯೊಬ್ಬ ಅದಕ್ಕೆ ಕಪ್ಪು ಬಳಿದು, ಮರದ್ದು, ಬಡವರ ಇಗರ್ಜಿ ಅಂತ ಹೇಳಿ ಉಳಿಸಿಕೊಂಡನಂತೆ. ಕಥೆಯೇ ಇರಬಹುದು, ಆದರೆ ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ. ಅಲ್ಲಿಂದ ಮೀನು ಮಾರ್ಕೆಟ್. ನಿಂಬೆರಸದಲ್ಲಿ ಹಸಿ ಮೀನು ಹಾಕಿ ಲೋಟದಲ್ಲಿ ಕೊಡುತ್ತಾರೆ. ಅಮ್ಮ ನೋಡಿದರೆ ಲೋಟ ಎಸೆಯುವಳು. ಮಧ್ಯಾಹ್ನ ಕಾಲುವೆಯ ಬಾಗಿಲು: ಒಂದು ಕಟ್ಟಡದಷ್ಟು ದೊಡ್ಡ ಹಡಗು ಬಾವಿಯಲ್ಲಿ ಕೊಡಪಾನ ಏರಿದ ಹಾಗೆ ಮೇಲೆ ಬರುತ್ತದೆ. ಕೊನೆಗೆ ಆಂಕೋನ್ ಗುಡ್ಡ. ಮೇಲೊಂದು ದೊಡ್ಡ ಬಾವುಟ. ಅಲ್ಲಿಂದ ಇಡೀ ನಗರ, ಸಮುದ್ರ, ಕಾಲುವೆಯ ಬಾಯಿ ಎಲ್ಲ ಕಾಣುತ್ತದೆ. ಅಲ್ಲಿ ನಾನು ಏನೂ ವಿವರಿಸುವುದಿಲ್ಲ. ಅವರು ಫೋಟೊ ತೆಗೆಯುತ್ತಾರೆ, ನಾನು ವ್ಯಾನಿನ ಹತ್ತಿರ ನಿಲ್ಲುತ್ತೇನೆ.

ಯಾರಿಸೆಲ್ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ತೆಂಗಿನಹಾಲಿನಲ್ಲಿ ಅನ್ನ ಬೇಯಿಸುತ್ತಾಳೆ, ನಮ್ಮದರ ಹಾಗೆಯೇ, ಸ್ವಲ್ಪ ಸಿಹಿ. ಅವಳಿಗೆ ನನ್ನ ಬಗ್ಗೆ ಎಲ್ಲ ಗೊತ್ತಿಲ್ಲ.

ಅಮ್ಮನಿಗೆ ಹೇಳಬೇಡ, ನಾನು ಹೇಳುವವರೆಗೆ. ಆದರೆ ಆ ಪ್ರಮಾಣಪತ್ರ ಆದಷ್ಟು ಬೇಗ ಕಳಿಸು. ಭಾವನಿಗೆ ನಮಸ್ಕಾರ. ಅಕ್ಷಯಾ ಎಷ್ಟು ಉದ್ದ ಆಗಿದ್ದಾಳೆ?

ನಿನ್ನ ತಮ್ಮ
ಶೈಲೇಶ

*

ಅಬು ಹಲೀಫಾ
7 ಜೂನ್ 2024, ಶುಕ್ರವಾರ

ಶೈಲೇಶ,

ಪತ್ರವನ್ನು ನಿನ್ನ ಭಾವ ಸುಕುಮಾರರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಕೈ ಒರೆಸಿಕೊಂಡೇ ಇದ್ದರು, ಒದ್ದೆಯಿಲ್ಲದ ಕೈ. ಮಗಳು ಅಕ್ಷಯಾಳಿಗೆ ಹದಿನಾರು, ನನ್ನ ಕಿವಿಯವರೆಗೆ ಬಂದಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಸೋ ಅಂಕಲ್ ಈಸ್ ಅಲೈವ್, ಬಟ್ ಲೀಗಲಿ ಡೆಡ್?" ಎಂದಳು. ಇಷ್ಟು ಚಿಕ್ಕದಾಗಿ ನಾನು ಹೇಳಿಕೊಂಡಿರಲಿಲ್ಲ.

ನಾನು ಕೆಲಸ ಮಾಡುವುದು ಕುವೈತ್ ಸಿಟಿಯ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ. ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ, ರಜೆ, ಒಮ್ಮೊಮ್ಮೆ ಇಲ್ಲಿ ತೀರಿಕೊಂಡವರನ್ನು ಊರಿಗೆ ಕಳಿಸುವ ಕಾಗದ. ಸರಕಾರಿ ಕಚೇರಿಗಳಿಗೆ ಓಡಾಡುವವನು ಅಫ್ಸಲ್, ಉಳ್ಳಾಲದವನು. ಯಾರೋ ಪರಿಚಯದವರ ವಿಷಯವೆಂದು ಹೇಳಿ, ಸತ್ತನೆಂದು ಬರೆಸಿಕೊಂಡವನನ್ನು ಬದುಕಿದ್ದಾನೆ ಎಂದು ಬರೆಸುವುದು ಹೇಗೆ ಎಂದು ಕೇಳಿದೆ.

"ಎಂತ ಮೇಡಂ ನೀವು! ಸತ್ತವರ ಕೆಲಸ ಈಸಿ, ನಾಲ್ಕು ಸೀಲು, ಖಲಾಸ್. ಬದುಕಿದವರದ್ದೇ ಉಪದ್ರ. ಅವನಿಗೆ ಸತ್ತೇ ಇರ್ಲಿಕ್ಕೆ ಹೇಳಿ."

ನಕ್ಕುಬಿಟ್ಟೆ. ಆಮೇಲೆ ಸಿಟಿಯಿಂದ ಅಬು ಹಲೀಫಾದವರೆಗೆ ಬಸ್ಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬಂದೆ.

ಹಿಂದಿನ ಪತ್ರದಲ್ಲಿ ನಾನು ಅರ್ಧ ಮಾತ್ರ ಹೇಳಿದ್ದೆ. ಪ್ರಮಾಣಪತ್ರದ ತೊಂದರೆ ಸರಕಾರದ್ದು ಮಾತ್ರವಲ್ಲ. ನೀನು ಅವಿವಾಹಿತನಲ್ಲ. ನಾವು ನಿನಗೆ ಮದುವೆ ಮಾಡಿದ್ದೇವೆ.

ನಮ್ಮಲ್ಲಿ ಮದುವೆಯಾಗದೆ ತೀರಿಹೋದವರಿಗೆ, ಹಾಗೆಯೇ ಹೋದ ಇನ್ನೊಬ್ಬರ ಜೊತೆ ಮದುವೆ ಮಾಡುವ ಕ್ರಮ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ನಡೆದಾಗ, ಮದುವೆಯಾಗದವರು ನೋಡಬಾರದೆಂದು ನಮ್ಮನ್ನು ಹೊರಗೆ ಕಳಿಸಿದ್ದರು. ನೀನು ಕಿಟಕಿಯಲ್ಲಿ ಇಣುಕಿ "ಯಾರೂ ಇಲ್ಲ, ಬರೀ ಬಟ್ಟೆ ಮದುವೆ ಆಗ್ತಾ ಉಂಟು" ಎಂದಿದ್ದೆ.

ನೀನು ಹೋದ ಮೇಲೆ ಅಮ್ಮ ಸರಿಯಾಗಿ ಊಟ ಮಾಡುವುದನ್ನು ಬಿಟ್ಟಳು. ಚಿಕ್ಕಮ್ಮ ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳು ಮೊಮ್ಮಕ್ಕಳ ಗಲಾಟೆಯ ನಡುವೆಯೂ ಅವಳು ಬಾಗಿಲ ಹತ್ತಿರವೇ ಕೂರುತ್ತಿದ್ದಳು. ನೀನು ಒದ್ದೆ ಬಟ್ಟೆಯಲ್ಲಿ ನಿಂತು "ನನಗೆ ಯಾರೂ ಇಲ್ಲ" ಎಂದು ಹೇಳುತ್ತೀ ಎನ್ನುತ್ತಿದ್ದಳು. ಐದಾರು ವರ್ಷ ಹೀಗೇ ನಡೆದ ಮೇಲೆ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿದರು. ಮದುವೆ ಮಾಡಿ ಎಂದಾಯಿತು. ನಾನು ಫೋನಿನಲ್ಲಿ ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ಇಲ್ಲಿನ ಹಳೇ ಸೂಕ್ ಮಾರುಕಟ್ಟೆಗೆ ಹೋಗಿ ಮದುಮಗಳಿಗೆ ಸೀರೆ ತೆಗೆದೆ. ನೀಲಿ, ಬೆಳ್ಳಿ ಅಂಚು. ನಂಬದವಳು ಸೀರೆಯ ಬಣ್ಣಕ್ಕೆ ಒಂದು ಗಂಟೆ ಯಾಕೆ ತೆಗೆದುಕೊಂಡೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

2019ರ ಆಟಿ ತಿಂಗಳು, ಸಂಜೆ ಆರು ಗಂಟೆ. ಎರಡು ಮಣೆ. ಒಂದರ ಮೇಲೆ ನಿನ್ನ ಬಿಳಿ ಅಂಗಿ, ಪಂಚೆ. ಇನ್ನೊಂದರ ಮೇಲೆ ಸೀರೆ, ಕುಪ್ಪಸ, ಕರಿಮಣಿ. ಸೀರೆ ಕೊಟ್ಟ ಮೇಲೆ ನಾವೆಲ್ಲ ಸುಮ್ಮನೆ ಕಾದೆವು, ಮದುಮಗಳು ಉಡಲಿ ಎಂದು. ಯಾರೋ "ಸ್ವಲ್ಪ ಬೇಗ ಆಗ್ಲಿ, ಮುಹೂರ್ತ ಉಂಟು" ಎಂದು ಖಾಲಿ ಕೋಣೆಗೆ ಹೇಳಿದರು. ಏಳು ಸುತ್ತು ಬಂದಾಗ ನಿನ್ನ ಅಂಗಿಯನ್ನು ಹಿಡಿದವಳು ನಾನು. ಊಟಕ್ಕೆ ಕೋಳಿ ಸುಕ್ಕ, ಕಡ್ಲೆ ಬಲ್ಯಾರ್. ಆ ದಿನ ಅಮ್ಮ ಉಂಡಳು, ಎರಡು ಸಲ ಬಡಿಸಿಕೊಂಡು. ಪ್ರತಿ ವರ್ಷ ಆಟಿಯಲ್ಲಿ ಸತ್ತವರಿಗೆ ಬಡಿಸುವಾಗ ನಿನ್ನ ಎಲೆಯ ಪಕ್ಕದಲ್ಲಿ ಮದುಮಗಳ ಎಲೆಯನ್ನೂ ಹಾಕುತ್ತಾಳೆ.

ಹುಡುಗಿಯ ಹೆಸರು ಸುನಂದಾ. ಹನ್ನೊಂದು ತಿಂಗಳ ಮಗುವಾಗಿದ್ದಾಗ ಜ್ವರದಲ್ಲಿ ಹೋದವಳು. ಕುಲದ ಬಳಿ ಬೇರೆ, ಜಾತಕ ಕೂಡಿತು. ಹರ್ಷಿತ್‌ನ ಅಕ್ಕ. ನಿನ್ನ ಜೊತೆ ಅದೇ ಹಡಗಿನಲ್ಲಿದ್ದ ಹರ್ಷಿತ್, ಮೂಲ್ಕಿಯ ಹೂವಿನ ವಾರಿಜಕ್ಕನ ಮಗ. ಗಂಡನೂ ಇಲ್ಲದ ವಾರಿಜಕ್ಕನಿಗೆ ಈಗ ಬೀಗಿತ್ತಿ ಎಂದು ಇರುವವಳು ಅಮ್ಮ ಒಬ್ಬಳೇ. ಪ್ರತಿ ಮಂಗಳವಾರ ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡು ಬರುತ್ತಾರೆ. ಇಬ್ಬರೂ ಗಂಡ ಹೆಂಡಿರಾದ ನಿಮ್ಮಿಬ್ಬರ ಬಗ್ಗೆ ಮಾತಾಡುತ್ತಾರೆ. ನೀನು ಒಳ್ಳೆಯ ಅಳಿಯ. ಒಮ್ಮೆಯೂ ಎದುರು ಮಾತಾಡಿಲ್ಲ.

ನೀನು ಎರಡು ಪತ್ರ ಬರೆದೆ. ಎರಡರಲ್ಲೂ ಹರ್ಷಿತ್‌ನ ಹೆಸರಿಲ್ಲ. ಮರೆತದ್ದೇ?

ಅಕ್ಕ

*

ಪನಾಮಾ ಸಿಟಿ
19 ಜೂನ್ 2024

ಅಕ್ಕ,

ಯಾರ ಮಗಳು ಅಂತ ಇನ್ನೊಮ್ಮೆ ಬರೆ. ನಾನು ಸರಿಯಾಗಿ ಓದಿದೆನಾ?

ಇವತ್ತು ಆರು ಜನ ಟೂರಿಸ್ಟರಿದ್ದರು. ಇಗರ್ಜಿಯಲ್ಲಿ ಬಂಗಾರದ ಪೀಠದ ಎದುರು ನಿಂತೆ, ಕಥೆ ಬಾಯಿಗೆ ಬರಲಿಲ್ಲ. ಅವರೇ ಪುಸ್ತಕ ತೆಗೆದು ಓದಿಕೊಂಡರು.

ಶೈಲೇಶ

*

ಪನಾಮಾ ಸಿಟಿ
23 ಜೂನ್ 2024, ಭಾನುವಾರ

ಅಕ್ಕ,

ಹಿಂದಿನ ಪತ್ರ ನಿನಗೆ ತಲುಪುವ ಮೊದಲೇ ಇದನ್ನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯಲಿಕ್ಕಿಲ್ಲ.

ಮರೆತದ್ದಲ್ಲ.

ನಮ್ಮ ಹಡಗಿನ ಎಂಜಿನ್ ರೂಮಿನ ತಗಡಿನಲ್ಲಿ ಒಂದು ತೂತು ಇತ್ತು. ಅದಕ್ಕೆ ಮರದ ಪೆಟ್ಟಿಗೆ ಕಟ್ಟಿ ಸಿಮೆಂಟು ತುಂಬಿಸಿದ್ದರು. ಮೆತ್ತಿದ್ದು ನಾವೇ, ನಾನು ಮತ್ತು ಹರ್ಷಿತ್. "ನಮ್ಮ ಟೆರೇಸಿನ ಹಾಗೆ ಮಾರಾಯ, ಈ ಮಳೆಗಾಲ ದಾಟಿದ್ರೆ ಸಾಕು" ಅಂತ ಅವನು ನಗಾಡಿದ. ನನಗೆ ನಗು ಬರಲಿಲ್ಲ. ನಾನು ಮಲಗಿದರೆ ಕಿವಿಯಲ್ಲಿ ಹನಿ ಬೀಳುತ್ತಿತ್ತು.

ರಜೆ ಸಿಕ್ಕಿದ್ದು ನನಗಲ್ಲ ಅಕ್ಕ. ಯಾರಿಗೂ ಸಿಕ್ಕಿರಲಿಲ್ಲ. ನಾನು ಕೇಳದೆ ಲಾಂಚ್ ಹತ್ತಿದ್ದು. "ಒಂದು ಸುತ್ತು ಊರು ನೋಡಿ ಬಾ, ತಲೆ ಸರಿಯಾಗ್ತದೆ. ನೀನು ಹುಷಾರಿಲ್ಲದೆ ಮಲಗಿದ್ದೀ ಅಂತ ನಾನು ಹೇಳ್ತೇನೆ, ನಿನ್ನ ಕೆಲಸವನ್ನೂ ಮಾಡ್ತೇನೆ" ಅಂತ ಹೇಳಿದವನು ಹರ್ಷಿತ್. ಆದ್ದರಿಂದಲೇ ನನ್ನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಆ ದಿನ ನಾನು ನಡೆದ ದಾರಿಯಲ್ಲೇ ಈಗ ಜನರನ್ನು ಕರೆದುಕೊಂಡು ಹೋಗುವುದು. ಹಳೇ ಪೇಟೆ, ಮಾರ್ಕೆಟು, ಕಾಲುವೆಯ ಬಾಗಿಲು. ಸಂಜೆ ದಡಕ್ಕೆ ವಾಪಸು ಬರುವಾಗ ಅವನ ಮೆಸೇಜ್ ಬಂತು: ಸರದಿ ಬೇಗ ಬಂದಿದೆ, ಹಡಗು ನಾಳೆ ಬೆಳಿಗ್ಗೆಯೇ ಕಾಲುವೆಯೊಳಗೆ ಹೋಗ್ತದೆ, ಲಾಂಚ್ ಇನ್ನು ಬರುವುದಿಲ್ಲ, ನೀನು ಬಸ್ಸಿನಲ್ಲಿ ಕೊಲೊನ್‌ಗೆ ಬಾ, ಅಲ್ಲಿ ಹತ್ತು.

ಕೊಲೊನ್ ಕಾಲುವೆಯ ಆಚೆ ತುದಿಯ ಊರು. ಹಡಗಿಗೆ ಇಡೀ ದಿನ ಬೇಕು, ಬಸ್ಸಿಗೆ ಎರಡು ಗಂಟೆ. ಅಲ್ಲಿ ಹಡಗು ಮತ್ತೆ ಒಂದು ದಿನ ನಿಂತಿತ್ತು. ನನಗೆ ಹಡಗು ತಪ್ಪಲಿಲ್ಲ ಅಕ್ಕ. ನಾನು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಆಂಕೋನ್ ಗುಡ್ಡ ಹತ್ತಿದೆ. ದೊಡ್ಡ ಸೇತುವೆಯ ಕೆಳಗಿನಿಂದ ನಮ್ಮ ಹಡಗು ಬಂತು. ಮೇಲಿನಿಂದ ಬೆಂಕಿಪೊಟ್ಟಣದಷ್ಟು. ಡೆಕ್ಕಿನ ಮೇಲೆ ಹಡಗಿನ ಕೇಸರಿ ಕೆಲಸದ ಬಟ್ಟೆಯ ಒಬ್ಬ ನಿಂತಿದ್ದ. ಅವನೇ ಅಂತ ನನಗೆ ಅನಿಸಿತು. ಯಾರೂ ಆಗಿರಬಹುದು. "ಬಸ್ ಹತ್ತಿದೆಯಾ?" ಅಂತ ಮೆಸೇಜ್ ಬಂತು. "ಹತ್ತಿದೆ" ಅಂತ ಹಾಕಿದೆ. "ನೀನೂ ಇಳಿ" ಅಂತ ಹಾಕಲಿಲ್ಲ. ಹಾಕಿದರೆ ಅವನು ನನ್ನನ್ನು ಹುಡುಕಿ ಕರೆದುಕೊಂಡು ಹೋಗುವನು ಅಂತ ಹೆದರಿದೆ. ಮೊಬೈಲ್ ಆಫ್ ಮಾಡಿದೆ. ನಾಲ್ಕನೆಯ ದಿನ ಹಡಗು ಬಿರುಗಾಳಿಗೆ ಸಿಕ್ಕಿತು.

ಹನ್ನೊಂದು ವರ್ಷ ಬರೆಯದೇ ಇದ್ದದ್ದು ಯಾಕೆ ಅಂತ ನೀನು ಕೇಳಲಿಲ್ಲ. ಇದಕ್ಕೆ. ನಾನು ಬದುಕಿದ್ದೇನೆ ಅಂತ ಗೊತ್ತಾದರೆ ಹರ್ಷಿತ್‌ನ ತಾಯಿ ಮೊದಲು ಕೇಳುವುದು ಏನು ಅಂತ ನನಗೆ ಗೊತ್ತು.

ಪ್ರಮಾಣಪತ್ರ ಬೇಡ. ಯಾರಿಸೆಲ್‌ಗೆ ಏನಾದರೂ ಹೇಳುತ್ತೇನೆ. ನಾನು ಸತ್ತೇ ಇರುತ್ತೇನೆ. ಅಮ್ಮ ಈಗ ಊಟ ಮಾಡುತ್ತಾಳಲ್ಲ, ಅಷ್ಟು ಸಾಕು.

ಶೈಲೇಶ

*

ಅಬು ಹಲೀಫಾ
12 ಜುಲೈ 2024, ಶುಕ್ರವಾರ

ಶೈಲೇಶ,

ನೀನು ಊರು ತಿರುಗಿದ್ದನ್ನು ಬರೆದಾಗ ನಾನು ಹದಿನೇಳು ಸಾಲು ಎಂದು ಲೆಕ್ಕ ಹಾಕಿ ಬೈದಿದ್ದೆ. ಆ ಪತ್ರವನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿ ನೀನು ಎಲ್ಲವನ್ನೂ ಹೇಳಿದ್ದೆ, ನನಗೆ ಓದಲು ಬರಲಿಲ್ಲ.

ಆದರೂ ಕೋಪ ಹೋಗಿಲ್ಲ. ಯಾವುದಕ್ಕೆ ಕೋಪ ಎಂದು ದಿನಕ್ಕೊಮ್ಮೆ ಕೇಳಿಕೊಳ್ಳುತ್ತೇನೆ. ನೀನು ಬಸ್ ಹತ್ತದೆ ಇದ್ದದ್ದಕ್ಕಲ್ಲ, ಹತ್ತಿದ್ದರೆ ನನಗೆ ತಮ್ಮನಿಲ್ಲ. ಆ ಒಂದು ಸುಳ್ಳು ಮೆಸೇಜಿಗೆ ಎಂದುಕೊಳ್ಳುತ್ತೇನೆ. ಮರುಕ್ಷಣ ಆ ಗುಡ್ಡದ ಮೇಲೆ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡು ಪಾತ್ರೆ ತೊಳೆಯಲು ಏಳುತ್ತೇನೆ.

ಸುಕುಮಾರರು ಹೇಳುವುದು, "ನಿನ್ನಮ್ಮನಿಗೆ ಮಾತ್ರ ಗುಟ್ಟಾಗಿ ಹೇಳು, ವಾರಿಜಕ್ಕನಿಗೆ ಯಾಕೆ?" ಅಮ್ಮನ ಮುಖದಲ್ಲಿ ಗುಟ್ಟು ಒಂದು ಮಂಗಳವಾರ ದಾಟುವುದಿಲ್ಲ. ವಾರಿಜಕ್ಕ ಮಲ್ಲಿಗೆ ಹಿಡಿದು ಬಾಗಿಲಲ್ಲಿ ನಿಂತರೆ ಅಮ್ಮ ಏನು ಮಾಡಬೇಕು? ಒಬ್ಬಳಿಗೆ ಮಗ ಸಿಕ್ಕಿದ ದಿನವೇ ಇನ್ನೊಬ್ಬಳಿಗೆ ಮಗ ಎರಡನೆಯ ಸಲ ಸಾಯುತ್ತಾನೆ, ಅಳಿಯನೂ ಇಲ್ಲವಾಗುತ್ತಾನೆ.

ಈ ತಿಂಗಳ ಕೊನೆಗೆ ಊರಿಗೆ ಹೋಗುತ್ತಿದ್ದೇನೆ. ಆಟಿಯಲ್ಲಿ ಬಡಿಸುವ ದಿನ 28ನೇ ಭಾನುವಾರ. ಏನು ಹೇಳುತ್ತೇನೆಂದು ನನಗೇ ಗೊತ್ತಿಲ್ಲ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಯಾರಿಸೆಲ್‌ಗೆ ಇನ್ನೂ ಏನೂ ಹೇಳಬೇಡ.

ಅಕ್ಕ

*

ಅಬು ಹಲೀಫಾ
9 ಆಗಸ್ಟ್ 2024, ಶುಕ್ರವಾರ

ಪ್ರೀತಿಯ ಶೈಲೇಶ,

ನಿನ್ನೆ ವಾಪಸು ಬಂದೆ.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಮನೆಯ ಒಳಕೋಣೆಯಲ್ಲಿ ಅಮ್ಮನೂ ವಾರಿಜಕ್ಕನೂ ಎಲೆ ಹಾಕುತ್ತಿದ್ದರು. ಮೂರು ಎಲೆ: ನಿನಗೆ, ಸುನಂದಾಳಿಗೆ, ಹರ್ಷಿತ್‌ಗೆ. ಅಮ್ಮ ನಿನ್ನ ಎಲೆಗೆ ಕೋಳಿಯ ಕಾಲು ಹಾಕಿದಳು.

"ನನ್ನ ಮಗನಿಗೂ ಕಾಲೇ ಇಷ್ಟ ಮಾರಾಯ್ತಿ, ಎಲ್ಲ ನಿನ್ನ ಮಗನಿಗೇ ಹಾಕ್ತೀಯಲ್ಲ," ಎಂದರು ವಾರಿಜಕ್ಕ.

"ಇವ ನಿಮ್ಮ ಅಳಿಯ ಅಲ್ವಾ? ಅಳಿಯನಿಗೆ ಕಡಿಮೆ ಮಾಡಿದ್ರೆ ನಿಮಗೇ ಮರ್ಯಾದೆ ಇಲ್ಲ," ಎಂದಳು ಅಮ್ಮ. ಇಬ್ಬರೂ ನಕ್ಕರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಂದು ಮಾತೂ ನೆನಪಾಗಲಿಲ್ಲ. "ಅಮ್ಮಾ, ಒಂದು ಎಲೆ ತೆಗಿ," ಎಂದೆ.

"ಯಾರದ್ದು?"

"ಶೈಲೇಶನದ್ದು."

"ಯಾಕೆ, ಹರಿದಿದೆಯಾ?"

"ಅವನು ಬದುಕಿದ್ದಾನೆ."

ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ನನಗೆ ನಲವತ್ತನಾಲ್ಕು ವರ್ಷ. ಆಮೇಲೆ ಹೊಡೆದ ಕೈಯಿಂದಲೇ ನನ್ನ ಮುಖವನ್ನು ಹಿಡಿದುಕೊಂಡಳು, ಬಿಡಲೇ ಇಲ್ಲ. ಸಾರಿನ ವಾಸನೆ. ನಾನು ನಿನ್ನ ವ್ಯಾನಿನ ಫೋಟೊ ತೋರಿಸಿದೆ. ಅವಳು ಬೆರಳಿನಿಂದ ನಿನ್ನ ಹೊಟ್ಟೆಯನ್ನು ಮುಟ್ಟಿ ನೋಡಿದಳು. "ಇಷ್ಟು ಹೊಟ್ಟೆ ಬಂದಿದೆ," ಎಂದಳು. ಅಷ್ಟೇ. ನೆಲದ ಮೇಲೆ ಕೂತಳು.

ವಾರಿಜಕ್ಕ ನನ್ನನ್ನೇ ನೋಡುತ್ತಿದ್ದರು. ನಾನು ಅವರತ್ತ ತಿರುಗುವುದಕ್ಕೆ ಕಾಯುತ್ತಿದ್ದರು. ತಿರುಗಿದೆ.

"ಹಾಗಾದ್ರೆ ಹರ್ಷಿತ?"

"ಇಲ್ಲ ವಾರಿಜಕ್ಕ."

"ಸರಿಯಾಗಿ ಕೇಳಿದ್ದೀಯಾ? ಇವನ ಹಾಗೆಯೇ ಅವನೂ ಎಲ್ಲಾದ್ರೂ..."

"ಇಲ್ಲ."

ನಿನ್ನ ಜೂನ್ 23ರ ಪತ್ರ ಚೀಲದಲ್ಲಿತ್ತು. ಬಸ್ಸಿನ ವಿಷಯ, ಮೆಸೇಜಿನ ವಿಷಯ, ಆ ಎರಡನ್ನು ಬಿಟ್ಟು ಓದಬಹುದೆಂದು ವಿಮಾನದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡಿದ್ದೆ. ಓದುತ್ತಾ ಆ ಸಾಲುಗಳು ಬಂದಾಗ ವಾರಿಜಕ್ಕನ ಮುಖ ನೋಡಿದೆ. ಬಿಡಲು ಆಗಲಿಲ್ಲ. ಎಲ್ಲವನ್ನೂ ಓದಿದೆ. ನಾನು ಮಾಡಿದ್ದು ಸರಿಯೋ ತಪ್ಪೋ, ನನಗೆ ಗೊತ್ತಿಲ್ಲ.

ವಾರಿಜಕ್ಕ ಅಳಲಿಲ್ಲ. "ಬಸ್ ಉಂಟಾ ಆ ಊರಿಗೆ?" ಎಂದು ಕೇಳಿದರು.

"ಇತ್ತು."

"ಹತ್ತಿದ್ರೆ ಇವನೂ ಹೋಗ್ತಿದ್ದ."

"ಹೌದು."

"ಇಳಿ ಅಂತ ನನ್ನ ಮಗನಿಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳಬಹುದಿತ್ತು ವಾರಿಜಕ್ಕ."

ನಿನ್ನ ಪರವಾಗಿ ಇನ್ನೊಂದು ಮಾತೂ ಸೇರಿಸಲಿಲ್ಲ. ಕ್ಷಮಿಸು. ಸೇರಿಸಿದ್ದರೆ ಅವರು ಎದ್ದು ಹೋಗುತ್ತಿದ್ದರು ಎಂದು ನನಗೆ ಅನಿಸುತ್ತದೆ.

ಅವರೇ ಕೈ ಚಾಚಿ ನಿನ್ನ ಎಲೆಯ ಕೋಳಿ ಕಾಲನ್ನು ತೆಗೆದು ಹರ್ಷಿತ್‌ನ ಎಲೆಗೆ ಹಾಕಿದರು. ನಿನ್ನ ಎಲೆಯನ್ನು ಮಡಚಿ ಬದಿಗಿಟ್ಟರು. "ಸತ್ತವರ ಹೊಟ್ಟೆ ಕಾಯಿಸ್ಬಾರ್ದು," ಎಂದು ಉಳಿದ ಎರಡು ಎಲೆಗೆ ಬಡಿಸಿ ಮುಗಿಸಿದರು. ಊಟ ಮಾಡದೆ ಮೂಲ್ಕಿಯ ಬಸ್ ಹತ್ತಿದರು. ಅಮ್ಮ ಬಾಗಿಲವರೆಗೂ ಹೋದಳು, ಕರೆಯಲು ಧೈರ್ಯ ಬರಲಿಲ್ಲ.

ಮಂಗಳವಾರ ಬರಲಾರರು ಎಂದುಕೊಂಡಿದ್ದೆವು. ಅಮ್ಮ ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಮಗ ಬದುಕಿದ್ದಾನೆಂದು ಗೊತ್ತಾದ ಎರಡನೆಯ ದಿನ ಮತ್ತೆ ಅದೇ ಬಾಗಿಲು, ಅದೇ ಕೂರುವುದು. ಹನ್ನೊಂದು ಗಂಟೆಗೆ ವಾರಿಜಕ್ಕ ಬಂದರು. ಮಲ್ಲಿಗೆ ಇರಲಿಲ್ಲ. ಬಟ್ಟೆಯಂಗಡಿಯ ಹಳೇ ಚೀಲ ಇತ್ತು. ಅದನ್ನು ನನ್ನ ಮಡಿಲಿಗೆ ಹಾಕಿದರು. ನೀಲಿ ಸೀರೆ, ಬೆಳ್ಳಿ ಅಂಚು. ಮಡಿಕೆಯೂ ಬಿಚ್ಚಿರಲಿಲ್ಲ.

ಸಂಬಂಧ ಮುರಿಯಲು ಸೀರೆ ವಾಪಸು ತಂದಿದ್ದಾರೆಂದು ನಾನು ತಿಳಿದೆ. ಅಮ್ಮನೂ ಹಾಗೇ ತಿಳಿದಳು.

"ಅವನ ಹುಡುಗಿಗೆ ಕಳ್ಸು," ಎಂದರು ವಾರಿಜಕ್ಕ.

"ವಾರಿಜಕ್ಕ, ಇದು ಸುನಂದಾಳದ್ದು..."

"ಗೊತ್ತುಂಟು ನನಗೆ, ನನ್ನ ಮಗಳದ್ದು ಅಂತ. ನೀನು ಇಂಗ್ಲಿಷ್ ಶಾಲೆಗೆ ಹೋದವಳು, ಸ್ವಲ್ಪ ಯೋಚನೆ ಮಾಡು. ಮದುವೆ ಆದದ್ದು ಹೌದಾ ಅಲ್ವಾ?"

"ಹೌದು."

"ನನ್ನ ಮಗಳು ಇಲ್ಲ. ಅಳಿಯ ಉಂಟು. ಹಾಗಾದ್ರೆ ಅವ ಎಂತ? ಹೆಂಡತಿ ತೀರಿಹೋದ ಗಂಡಸು. ಅಂಥವ ಇನ್ನೊಂದು ಮದುವೆ ಆಗ್ಲಿಕ್ಕೆ ಯಾರೂ ಬೇಡ ಅನ್ನುವ ಹಾಗಿಲ್ಲ. ಮೊದಲಿನವಳ ಸೀರೆ ಎರಡನೆಯವಳಿಗೆ ಹೋಗ್ಬೇಕು, ಇಲ್ಲದಿದ್ರೆ ನನ್ನ ಹುಡುಗಿಗೆ ಬೇಸರ ಆಗ್ತದೆ. ಸರಕಾರದ ಕಾಗದ ನೀನು ಮಾಡ್ಸು. ನನ್ನ ಕಾಗದ ಇದು."

ಕಂಪನಿಯಲ್ಲಿ ಇಪ್ಪತ್ತು ವರ್ಷ ಕಾಗದ ನೋಡಿದವಳು ನಾನು. ಇಷ್ಟು ಚೊಕ್ಕವಾದ ಕಾಗದ ಯಾರೂ ನನ್ನ ಮೇಜಿಗೆ ತಂದಿರಲಿಲ್ಲ.

"ಹಾಗಂತ ಅವ ಮಾಡಿದ್ದು ಸರಿ ಅಂತ ನಾನು ಹೇಳ್ಲಿಲ್ಲ," ಎಂದರು. "ಅದು ಬೇರೆ. ಅದಕ್ಕೆ ಒಂದು ಉಂಟು. ಊರು ತೋರಿಸ್ತಾನಂತಲ್ಲ ಎಲ್ಲರಿಗೂ? ನನಗೂ ತೋರಿಸ್ಲಿ. ಅವ ನಿಂತ ಜಾಗದಲ್ಲಿ ನಿಲ್ಸಿ, ಇಲ್ಲಿಂದ ಹಡಗು ಕಂಡಿತು, ಇಷ್ಟು ದೊಡ್ಡದು ಕಂಡಿತು, ನಿಮ್ಮ ಮಗ ಅಲ್ಲಿ ನಿಂತಿದ್ದ ಅಂತ ಬಾಯಿಬಿಟ್ಟು ಹೇಳ್ಬೇಕು. ಪತ್ರದಲ್ಲಿ ಅಲ್ಲ."

"ಅದು ತುಂಬಾ ದೂರ ವಾರಿಜಕ್ಕ."

"ನನ್ನ ಮಗ ಹೋಗ್ಲಿಲ್ವಾ?"

ಮಾರನೆಯ ದಿನವೇ ಅವರ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಫೋಟೊ ತೆಗೆಯುವವನು ನಗಬಾರದು ಎಂದನಂತೆ, "ಯಾರು ನಗ್ತಾ ಇದ್ದಾರೆ ಮಾರಾಯ?" ಎಂದರಂತೆ. ಅಮ್ಮ ಮಾತ್ರ ಇನ್ನೂ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುವುದಿಲ್ಲವಂತೆ. ಮೊದಲು ವಾರಿಜಕ್ಕ ಮಾತಾಡಲಿ, ಆಮೇಲೆ ತಾನು ಎನ್ನುತ್ತಾಳೆ. ಈ ಸರದಿಯನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ನಿನ್ನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆ ಸೀರೆ ಈ ಪೊಟ್ಟಣದಲ್ಲಿವೆ. ಮೊದಲು ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದು ಕೊಡು. ಉಳಿದದ್ದು ನಿಧಾನಕ್ಕೆ ಆಗುತ್ತದೆ. ಸೀರೆಯನ್ನು ಯಾರಿಸೆಲ್‌ಗೆ ಕೊಡುವ ಮೊದಲು ಅದು ಯಾರದೆಂದು ಹೇಳು. ಅವಳು ಹೆದರಿದರೆ ಹೆದರಲಿ. ನನಗೂ ಹೆದರಿಕೆಯೇ, ಇದನ್ನು ಮಡಿಲಿನಲ್ಲಿಟ್ಟುಕೊಂಡು ವಿಮಾನದಲ್ಲಿ ಬಂದೆ, ಚೀಲಕ್ಕೆ ಹಾಕಲು ಮನಸ್ಸಾಗಲಿಲ್ಲ.

ವಾರಿಜಕ್ಕ ಬಂದಾಗ ಇಗರ್ಜಿ, ಮಾರ್ಕೆಟು ಎಂದು ಸುತ್ತಿಸಬೇಡ. ಆಂಕೋನ್ ಗುಡ್ಡವನ್ನು ಕೊನೆಗೆ ಇಟ್ಟುಕೊಳ್ಳಬೇಡ. ಅದನ್ನೇ ಮೊದಲು ನೋಡಬೇಕು ಎಂದಿದ್ದಾರೆ.

ಇವತ್ತೂ ನಾಳೆಯೂ ಕಚೇರಿಗೆ ರಜೆ. ಇದನ್ನು ಪೋಸ್ಟ್ ಮಾಡುವುದು 11 ಆಗಸ್ಟ್ 2024, ಭಾನುವಾರ.

ಅಕ್ಕ